ಉಬ್ಬಸದ ಜೊತೆ ಆರಾಮಾಗಿ ಬದುಕುವುದು: ಪಂಪ್ ಹಿಡಿಯುವುದರಿಂದ ರಾತ್ರಿ ನಿದ್ದೆಯವರೆಗೆ

ನಮ್ಮಜ್ಜ ಮಲಗಿ ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಮಳೆಗಾಲ ಶುರುವಾದರೆ ಸಾಕು, ಸುತ್ತಿದ ಹಾಸಿಗೆಯನ್ನು ಜಗಲಿಯ ಗೋಡೆಗೆ ಇಟ್ಟು ಒರಗಿ, ಎರಡೂ ಕೈ ಮೊಣಕಾಲ ಮೇಲೆ ಊರಿ, ಕೂತೇ ಬೆಳಗು ಮಾಡುತ್ತಿದ್ದರು. ಒಳಗೆ ಮಲಗಿದ್ದ ನಮಗೆ ಅವರ ಉಸಿರು ತೂತು ಬಿದ್ದ ತಿದಿ ಒತ್ತಿದ ಹಾಗೆ ಕೇಳುತ್ತಿತ್ತು. ಮನೆಯಲ್ಲಿ ಅದಕ್ಕೆ ಗೂರಲು ಅನ್ನುತ್ತಿದ್ದರು. ನಾಲ್ಕನೇ ಕ್ಲಾಸಿನಲ್ಲಿ ನನಗೂ ಅದೇ ಬಂದಾಗ ಡಾಕ್ಟರು ‘ವೀಸಿಂಗ್’ ಅಂದರು. ಇನ್ನೊಬ್ಬರು ‘ಅಲರ್ಜಿಕ್ ಬ್ರಾಂಕೈಟಿಸ್’ ಅಂದರು. ಅಸ್ತಮಾ ಅನ್ನೋ ಪದ ನನ್ನ ಚೀಟಿಯ ಮೇಲೆ ಬರುವಷ್ಟರಲ್ಲಿ ನಾನು ಪಿಯುಸಿ ಮುಗಿಸಿದ್ದೆ. ಹೆಸರು ಹೇಳಿದರೆ ಮನೆಯವರು ಹೆದರುತ್ತಾರೆ ಅಂತ ಡಾಕ್ಟರುಗಳೂ ಸುತ್ತಿ ಬಳಸಿ ಹೇಳುತ್ತಾರೆ. ಇದರಿಂದ ಆಗುವ ನಷ್ಟ ದೊಡ್ಡದು. ಕಾಯಿಲೆ ಏನಂತಲೇ ಗೊತ್ತಿಲ್ಲದವರು ದಿನಾ ಔಷಧಿ ಯಾಕೆ ತಗೋತಾರೆ?

ನಾನು ಡಾಕ್ಟರಲ್ಲ. ಈ ಕಾಯಿಲೆಯ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದವನು, ಅಷ್ಟೇ. ಔಷಧಿ ಯಾವುದು, ಎಷ್ಟು ಅನ್ನೋದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರ ರೂಮಿನಿಂದ ಹೊರಗೆ ಬಂದ ಮೇಲೆ ಏನು ಮಾಡಬೇಕು ಅನ್ನೋದು ಇಲ್ಲಿದೆ.

ಇದು ಎಷ್ಟು ಜನಕ್ಕಿದೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ ಸುಮಾರು 26.2 ಕೋಟಿ ಜನಕ್ಕೆ ಅಸ್ತಮಾ ಇತ್ತು. ಆ ವರ್ಷ ಅದರಿಂದ ಸತ್ತವರು ಸುಮಾರು 4.55 ಲಕ್ಷ. ನಮ್ಮ ದೇಶದಲ್ಲಿ ಸುಮಾರು 3.4 ಕೋಟಿ ಜನಕ್ಕೆ ಇದೆ ಅನ್ನುವುದು ಒಂದು ಅಂದಾಜು. ಅಂದರೆ ಜಗತ್ತಿನ ರೋಗಿಗಳಲ್ಲಿ ಹೆಚ್ಚು ಕಡಿಮೆ ಎಂಟರಲ್ಲಿ ಒಬ್ಬರು ನಮ್ಮವರು. ಆದರೆ ಸಾವಿನ ಲೆಕ್ಕದಲ್ಲಿ ನಮ್ಮ ಪಾಲು ಶೇ. 40 ದಾಟುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ನಮ್ಮ ಅಸ್ತಮಾ ಬೇರೆಯವರ ಅಸ್ತಮಾಕ್ಕಿಂತ ಕೆಟ್ಟದ್ದೇನಲ್ಲ. ಅದನ್ನು ತಡವಾಗಿ ಗುರುತಿಸುತ್ತೇವೆ, ಗುರುತಿಸಿದರೂ ದಿನಾ ತಗೊಳ್ಳಬೇಕಾದ ಔಷಧಿಯನ್ನು ಅರ್ಧಕ್ಕೆ ಬಿಡುತ್ತೇವೆ.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಎರಡು ದಶಕ ನಗರದ ಮಕ್ಕಳನ್ನು ಗಮನಿಸಿ ಕೊಟ್ಟ ಲೆಕ್ಕ ಇನ್ನೂ ಚುರುಕು ಮುಟ್ಟಿಸುತ್ತದೆ. 1979ರಲ್ಲಿ ಅವರು ನೋಡಿದ ಮಕ್ಕಳಲ್ಲಿ ಶೇ. 9ರಷ್ಟು ಮಂದಿಗೆ ಅಸ್ತಮಾ ಇತ್ತು. 1999ರ ಹೊತ್ತಿಗೆ ಅದು ಶೇ. 29.5 ಆಗಿತ್ತು. ಊರೂರಲ್ಲೂ ಇದೇ ಲೆಕ್ಕ ಅಂತ ತಿಳಿಯಬೇಡಿ, ದೇಶದ ಸರಾಸರಿ ಇದಕ್ಕಿಂತ ಎಷ್ಟೋ ಕಡಿಮೆ. ಆದರೂ ನಿಮ್ಮ ಮಗುವಿನ ಕ್ಲಾಸಿನಲ್ಲಿ ಇನ್ನೂ ಒಂದಿಬ್ಬರ ಬ್ಯಾಗಿನಲ್ಲಿ ಪಂಪ್, ಅಂದರೆ ಉಸಿರಿನ ಜೊತೆ ಔಷಧಿ ಎಳೆಯುವ ಇನ್ಹೇಲರ್, ಇರಬಹುದು. ಅವರೂ ಅದನ್ನು ಬಚ್ಚಿಟ್ಟಿರುತ್ತಾರೆ.

ಮೊದಲು: ಎದೆಯೊಳಗೆ ಆಗುತ್ತಿರುವುದೇನು

ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಮರದ ಬಾಗಿಲು ಉಬ್ಬುತ್ತದೆ. ಮುಚ್ಚುವುದಿಲ್ಲ, ಮುಚ್ಚಿದರೆ ತೆಗೆಯಲು ಬರುವುದಿಲ್ಲ. ಭುಜ ಕೊಟ್ಟು ತಳ್ಳಿದರೆ ಆ ಹೊತ್ತಿಗೆ ತೆರೆಯುತ್ತದೆ, ಆದರೆ ಥಂಡಿ ಮರದೊಳಗೇ ಇರುತ್ತದೆ. ಅಸ್ತಮಾ ಹೀಗೇ. ಉಸಿರಿನ ಕೊಳವೆಗಳ ಒಳಮೈ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಧೂಳು, ಹೊಗೆ, ನೆಗಡಿ ತಾಗಿದಾಗ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಅಂಟು ಕಫ ತುಂಬುತ್ತದೆ, ಸುಂಯ್ ಅನ್ನುತ್ತದೆ. ಸದ್ದು ಕೇಳುವುದು ಆಗ. ಊತ ಮಾತ್ರ ನೀವು ನಗುನಗುತ್ತಾ ಇರುವ ದಿನವೂ ಒಳಗಿರುತ್ತದೆ.

ಇಷ್ಟು ಅರ್ಥವಾದರೆ ಉಳಿದ ಎಲ್ಲಾ ಸುಲಭ. ಬಾಗಿಲು ತಳ್ಳುವ ಔಷಧಿ ಬೇರೆ, ಥಂಡಿ ಆರಿಸುವ ಔಷಧಿ ಬೇರೆ.

ಅಸ್ತಮಾನೇ ಹೌದಾ ಅಂತ ಖಚಿತ ಮಾಡಿಕೊಳ್ಳಿ

ಏದುಸಿರು ಬಂದದ್ದೆಲ್ಲ ಅಸ್ತಮಾ ಅಲ್ಲ. ಹೃದಯದ ತೊಂದರೆ, ರಕ್ತಹೀನತೆ, ಕ್ಷಯ, ಬೀಡಿ ಸೇದಿ ಸೇದಿ ಬರುವ ಶ್ವಾಸಕೋಶದ ಕಾಯಿಲೆ ಎಲ್ಲದರಲ್ಲೂ ಉಸಿರು ಕಟ್ಟುತ್ತದೆ. ಅಸ್ತಮಾದ ಗುರುತು ಅಂದರೆ ಅದು ಬಂದು ಹೋಗುತ್ತದೆ. ರಾತ್ರಿ, ಬೆಳಗಿನ ಜಾವ ಜಾಸ್ತಿ. ಓಡಿದರೆ, ನಕ್ಕರೆ, ಅಗರಬತ್ತಿ ಹಚ್ಚಿದರೆ ಕೆಮ್ಮು. ಕೆಲವರಿಗೆ ಸುಂಯ್ ಸದ್ದೇ ಇರುವುದಿಲ್ಲ, ಬರೀ ಒಣ ಕೆಮ್ಮು ತಿಂಗಳುಗಟ್ಟಲೆ.

ಇದಕ್ಕೆ ಸ್ಪೈರೋಮೆಟ್ರಿ ಅಂತ ಒಂದು ಊದುವ ಪರೀಕ್ಷೆ ಇದೆ. ಒಮ್ಮೆ ಊದಿಸಿ, ಪಂಪ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬೀಳುವ ಗಾಳಿ ಶೇ. 12 ಮತ್ತು 200 ಮಿಲಿಲೀಟರ್‌ಗಿಂತ ಜಾಸ್ತಿಯಾದರೆ ಅಸ್ತಮಾ ಇರುವ ಸಾಧ್ಯತೆ ಹೆಚ್ಚು. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಸಿಗುತ್ತದೆ. ಬೆಂಗಳೂರಿನವರಿಗೆ ಹೊಸೂರು ರಸ್ತೆಯ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ತುಂಬಾ ಚಿಕ್ಕ ಮಕ್ಕಳಿಗೆ ಸರಿಯಾಗಿ ಊದಲು ಬರುವುದಿಲ್ಲ, ಅವರಿಗೆ ಡಾಕ್ಟರು ಲಕ್ಷಣ ನೋಡಿಯೇ ನಿರ್ಧಾರ ಮಾಡುತ್ತಾರೆ.

ಎರಡು ಔಷಧಿ, ಎರಡು ಕೆಲಸ

ಸಾಲ್ಬ್ಯುಟಮಾಲ್ ಇರುವ ಪಂಪ್ ಕೆಲವೇ ನಿಮಿಷದಲ್ಲಿ ಸ್ನಾಯು ಸಡಿಲಿಸುತ್ತದೆ. ಇದು ಬಾಗಿಲು ತಳ್ಳುವ ಔಷಧಿ. ಒಳಗಿನ ಊತಕ್ಕೆ ಇದು ಏನೂ ಮಾಡುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟೀರಾಯ್ಡ್ ಇರುವ ಪಂಪ್. ತೊಂದರೆ ಎಂದರೆ ಇದನ್ನು ಎಳೆದ ತಕ್ಷಣ ಏನೂ ಅನ್ನಿಸುವುದಿಲ್ಲ. ಹಾಗಾಗಿ ಜನ ಮೊದಲನೆಯದನ್ನು ‘ಒಳ್ಳೇದು’ ಅಂತಾರೆ, ಎರಡನೆಯದನ್ನು ‘ಸುಮ್ನೆ ದುಡ್ಡು ದಂಡ’ ಅಂತ ಬಿಡುತ್ತಾರೆ. ನಾನೂ ಬಿಟ್ಟಿದ್ದೆ.

ಅಸ್ತಮಾ ಚಿಕಿತ್ಸೆಗೆ ಜಗತ್ತಿನ ಡಾಕ್ಟರುಗಳು ನೋಡುವ ಮಾರ್ಗಸೂಚಿ ‘ಜಿನಾ’ 2019ರಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿತು. ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬ್ಯುಟಮಾಲ್ ಒಂದರ ಮೇಲೆ ಚಿಕಿತ್ಸೆ ನಡೆಸಬೇಡಿ, ಅಸ್ತಮಾ ಸಣ್ಣದಿದ್ದರೂ ಜೊತೆಗೆ ಸ್ಟೀರಾಯ್ಡ್ ಪಂಪ್ ಇರಲೇಬೇಕು ಅಂದಿತು. ಊತ ಇಳಿಸುವ ಬುಡೆಸೊನೈಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಪಂಪನ್ನು ಈಗ ಎಷ್ಟೋ ಡಾಕ್ಟರು ಬರೆಯುತ್ತಾರೆ. ದಿನದ ಔಷಧಿಯೂ ಅದೇ, ಅವಸರದ ಔಷಧಿಯೂ ಅದೇ. ವರ್ಷಕ್ಕೆ ಮೂರು ಅಥವಾ ಜಾಸ್ತಿ ಸಾಲ್ಬ್ಯುಟಮಾಲ್ ಪಂಪ್ ಖಾಲಿ ಮಾಡುತ್ತಿದ್ದೀರಾ? ದೊಡ್ಡ ಉಬ್ಬಸ ಬರುವ ಅಪಾಯ ಹೆಚ್ಚಿದೆ ಅಂತ ಅರ್ಥ. ಹಾಗಂತ ಅದನ್ನು ನಿಲ್ಲಿಸಿಬಿಡಬೇಡಿ, ಡಾಕ್ಟರನ್ನು ಕಾಣಿ. ಬಣ್ಣ ನೋಡಿ ಪಂಪ್ ಗುರುತಿಸುವ ಅಭ್ಯಾಸವನ್ನೂ ಬಿಡಿ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ, ಔಷಧಿಯ ಹೆಸರು ಓದಿ.

‘ಪಂಪ್ ಹಿಡಿದರೆ ಅಭ್ಯಾಸ ಆಗಿಬಿಡುತ್ತೆ, ಮಾತ್ರೇನೇ ವಾಸಿ’ ಅನ್ನೋ ಮಾತು ಪ್ರತಿ ಮದುವೆ ಮನೆಯಲ್ಲೂ ಕೇಳಿದ್ದೇನೆ. ಒಂದು ಸಣ್ಣ ಲೆಕ್ಕ ಹಾಕಿ. ಸಾಲ್ಬ್ಯುಟಮಾಲ್ ಮಾತ್ರೆ 4 ಮಿಲಿಗ್ರಾಂ. ಪಂಪಿನ ಒಂದು ಒತ್ತು 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಯಲ್ಲಿರುವುದು 40 ಒತ್ತಿನಷ್ಟು ಔಷಧಿ! ಮಾತ್ರೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲಾ ಸುತ್ತಿ ಎದೆಗೆ ಬರಬೇಕು. ಅದಕ್ಕೇ ಕೈ ನಡುಕ, ಎದೆ ಡವಡವ. ಪಂಪ್ ನೇರವಾಗಿ ಬೇಕಾದ ಜಾಗಕ್ಕೆ ಕೊಡುತ್ತದೆ.

ಮಕ್ಕಳ ತಾಯಂದಿರಿಗೆ ಇರುವ ಹೆದರಿಕೆ ಎತ್ತರದ್ದು. ದಿನಾ ಸ್ಟೀರಾಯ್ಡ್ ಪಂಪ್ ತಗೊಳ್ಳುವ ಮಕ್ಕಳ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರ್ ವ್ಯತ್ಯಾಸ ಆಗಬಹುದು. ಇದು ನಿಜ, ಮುಚ್ಚಿಡುವುದು ಬೇಡ. ಆದರೆ ರಾತ್ರಿ ನಿದ್ದೆಯಿಲ್ಲದೆ, ಶಾಲೆ ತಪ್ಪಿಸಿಕೊಂಡು, ಆಗಾಗ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮಗುವಿಗೆ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ.

ಪಂಪ್ ಎಳೆಯುವುದು: ಇಲ್ಲಿ ಅವಸರ ಬೇಡ

ನಾನು ಆರು ವರ್ಷ ತಪ್ಪಾಗಿ ಎಳೆದಿದ್ದೇನೆ. ಕಂಡುಹಿಡಿದದ್ದು ಡಾಕ್ಟರಲ್ಲ, ನಮ್ಮ ಬೀದಿಯ ಮೆಡಿಕಲ್ ಶಾಪಿನ ಹುಡುಗ. ಅಂಗಡಿ ಮುಂದೆಯೇ ಉಸಿರು ಕಟ್ಟಿ ಪಂಪ್ ಒತ್ತಿದೆ. ‘ಸಾರ್, ಹೊಗೆ ಪೂರ್ತಿ ನಿಮ್ಮ ಬಾಯಿಂದ ವಾಪಸ್ ಬಂತಲ್ಲ’ ಅಂದ. ಹೌದು, ತುಟಿಯ ಸುತ್ತ ಬಿಳಿ ಮೋಡ. ನಾನು ಒತ್ತಿ, ಆಮೇಲೆ ಉಸಿರೆಳೆಯುತ್ತಿದ್ದೆ. ಔಷಧಿ ನಾಲಿಗೆ, ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತಿತ್ತು. ಆರು ವರ್ಷ ನಾನು ಗಂಟಲಿಗೆ ಚಿಕಿತ್ಸೆ ಕೊಟ್ಟಿದ್ದೆ!

ಒತ್ತುವ ಪಂಪ್ ಆದರೆ ಹೀಗೆ ಮಾಡಿ. ಮುಚ್ಚಳ ತೆಗೆದು ಒಳಗೆ ಏನೂ ಸಿಕ್ಕಿಕೊಂಡಿಲ್ಲ ಅಂತ ನೋಡಿ. ಜೇಬಿನ ನಾಣ್ಯ, ಬ್ಯಾಗಿನ ಕಸ ಸೇರಿರುತ್ತದೆ. ಚೆನ್ನಾಗಿ ಅಲ್ಲಾಡಿಸಿ. ಹೊಸದಾದರೆ, ತುಂಬಾ ದಿನ ಬಳಸದೇ ಇದ್ದರೆ, ಮೊದಲು ಗಾಳಿಗೆ ಒಂದೆರಡು ಸಲ ಒತ್ತಿ. ನೆಟ್ಟಗೆ ಕೂತು ಅಥವಾ ನಿಂತು ಉಸಿರನ್ನು ಪೂರ್ತಿ ಹೊರಗೆ ಬಿಡಿ. ಪಂಪನ್ನು ಹಲ್ಲಿನ ನಡುವೆ ಇಟ್ಟು ತುಟಿಯಿಂದ ಬಿಗಿಯಾಗಿ ಮುಚ್ಚಿ. ಈಗ ನಿಧಾನವಾಗಿ ಉಸಿರೆಳೆಯಲು ಶುರು ಮಾಡಿ, ಶುರುವಾದ ಆ ಕ್ಷಣದಲ್ಲೇ ಒಮ್ಮೆ ಒತ್ತಿ, ಎಳೆಯುತ್ತಲೇ ಇರಿ. ಮೂರರಿಂದ ಐದು ಸೆಕೆಂಡು, ಬಿಸಿ ಕಾಫಿ ಮೇಲಿನ ಹಬೆ ಹೀರುವಷ್ಟು ನಿಧಾನ. ಬಾಯಿಂದ ಪಂಪ್ ತೆಗೆದು ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಎರಡನೇ ಒತ್ತು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ ತಗೊಳ್ಳಿ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿ. ಬಿಳಿ ಹೊಗೆ ಕಂಡರೆ ತಪ್ಪಿದೆ.

ಕ್ಯಾಪ್ಸೂಲ್ ಹಾಕಿ ತಿರುಗಿಸುವ ಪುಡಿ ಯಂತ್ರದ ನಿಯಮ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಒತ್ತುವುದು, ಅಲ್ಲಾಡಿಸುವುದು ಇಲ್ಲ, ಜೋರಾಗಿ, ಆಳವಾಗಿ ಎಳೆಯಬೇಕು. ಯಂತ್ರದೊಳಗೆ ಊದಬಾರದು, ಬಾಯಿಯ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಮಳೆಗಾಲದಲ್ಲಿ ಕ್ಯಾಪ್ಸೂಲನ್ನು ಡಬ್ಬಿಯಿಂದ ಮೊದಲೇ ತೆಗೆದಿಡಬೇಡಿ. ಎಳೆದ ಮೇಲೆ ಒಳಗೆ ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಹಾಂ, ಆ ಕ್ಯಾಪ್ಸೂಲ್ ನುಂಗುವುದಲ್ಲ. ನಗಬೇಡಿ, ನಮ್ಮ ಚಿಕ್ಕಪ್ಪ ಒಂದು ತಿಂಗಳು ನೀರಿನ ಜೊತೆ ನುಂಗಿದ್ದರು. ‘ಏನೂ ಗುಣ ಕಾಣಲಿಲ್ಲ ಕಣೋ’ ಅಂತ ದೂರು ಬೇರೆ.

ಸ್ಟೀರಾಯ್ಡ್ ಪಂಪ್ ಯಾವುದೇ ಆಗಲಿ, ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಕಟ್ಟುತ್ತದೆ, ದನಿ ಒಡೆಯುತ್ತದೆ. ನಾನು ಪಂಪನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಟ್ಟಿದ್ದೇನೆ. ಮೊದಲು ಪಂಪ್, ಆಮೇಲೆ ಬ್ರಷ್. ಮರೆತೆ ಅನ್ನೋ ಮಾತೇ ಇಲ್ಲ.

ಒತ್ತುವುದು ಮತ್ತು ಎಳೆಯುವುದು ಒಟ್ಟಿಗೆ ಆಗದವರು, ಅಂದರೆ ಮಕ್ಕಳು, ಹಿರಿಯರು, ನಿಜ ಹೇಳಬೇಕೆಂದರೆ ನಮ್ಮಲ್ಲಿ ಹೆಚ್ಚಿನವರು, ಸ್ಪೇಸರ್ ಕೊಳ್ಳಿ. ಪಂಪ್ ಮತ್ತು ಬಾಯಿಯ ನಡುವೆ ಇರುವ ಪ್ಲಾಸ್ಟಿಕ್ ಕೊಳವೆ ಅದು. ಒಮ್ಮೆ ಒತ್ತಿ, ಐದಾರು ಸಲ ಮಾಮೂಲಿಯಾಗಿ ಉಸಿರಾಡಿದರೆ ಆಯಿತು. ಒಂದು ಸಲಕ್ಕೆ ಒಂದೇ ಒತ್ತು. ಆಗಾಗ ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ. ಸ್ಪೇಸರ್ ಇಲ್ಲದ ಕಡೆ ಅರ್ಧ ಲೀಟರ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಂತೆ ತೂತು ಮಾಡಿಕೊಂಡರೂ ನಡೆಯುತ್ತದೆ. ಇದು ಹಳ್ಳಿಮದ್ದಲ್ಲ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನ ಮಕ್ಕಳ ಮೇಲೆ ಪರೀಕ್ಷೆ ಮಾಡಿ, ಅಂಟು ಹಾಕಿ ಮುಚ್ಚಿದ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಅಂತ 1999ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ.

ಮನೆಯೊಳಗೆ ಒಂದು ಸುತ್ತು

ಎಲ್ಲರಿಗೂ ಎಲ್ಲವೂ ಆಗುವುದಿಲ್ಲ ಅಂತಿಲ್ಲ. ನಿಮಗೆ ಯಾವುದು ಆಗದು ಅನ್ನೋದನ್ನು ಎರಡು ತಿಂಗಳು ಬರೆದಿಡಿ. ಉಬ್ಬಸ ಬಂದ ದಿನ ಏನು ಮಾಡಿದ್ದಿರಿ, ಎಲ್ಲಿದ್ದಿರಿ ಅಂತ ಒಂದು ಸಾಲು ಸಾಕು. ನನ್ನ ಪಟ್ಟಿಯಲ್ಲಿ ಮೊದಲಿಗೆ ಬಂದದ್ದು ಸೊಳ್ಳೆ ಬತ್ತಿ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಹೊರಬರುತ್ತದೆ ಅಂತ 2003ರ ಒಂದು ಅಧ್ಯಯನ ಹೇಳಿದೆ. ಸೊಳ್ಳೆ ಪರದೆ ಕಟ್ಟಿದೆ, ಬೆಳಗಿನ ಕೆಮ್ಮು ಅರ್ಧ ಇಳಿಯಿತು. ಸಾಂಬ್ರಾಣಿ, ಧೂಪ, ಅಗರಬತ್ತಿ ಬಗ್ಗೆ ಅಮ್ಮನ ಜೊತೆ ದೊಡ್ಡ ಚರ್ಚೆ ಆಯಿತು. ಕೊನೆಗೆ ದೇವರಿಗೆ ತುಪ್ಪದ ದೀಪ ಮತ್ತು ಹೂವು ಸಾಕು ಅಂತ ರಾಜಿ.

ಒಣಮೆಣಸಿನಕಾಯಿ ಹುರಿಯುವ ದಿನ ಕಿಟಕಿ ತೆಗೆದು ಹೊರಗೆ ಹೋಗಿ. ಸ್ನಾನದ ಹಂಡೆಗೆ ಸೌದೆ ಉರಿಸುವ ಮನೆಯಾದರೆ ಬೆಂಕಿ ಹಾಕುವ ಕೆಲಸ ಉಬ್ಬಸ ಇರುವವರಿಗೆ ಬೇಡ. ಪೊರಕೆಯಲ್ಲಿ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ವಾಸಿ. ಯುಗಾದಿ, ದಸರಾ ಮುಂಚೆ ಅಟ್ಟ ಜಾಡಿಸುವ ದಿನ ನೀವು ತರಕಾರಿ ತರಲು ಹೋಗಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹಾಸಿಗೆ, ದಿಂಬಿನಲ್ಲಿ ಕಣ್ಣಿಗೆ ಕಾಣದ ನುಸಿ ಬೆಳೆಯುತ್ತದೆ. ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು, ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಗೋಡೆಯ ಬೂಷ್ಟು, ಅಡಿಗೆಮನೆಯ ಜಿರಲೆ ಇವೂ ಕಾರಣವೇ. ಹೊರಗಡೆ ಕಾಂಗ್ರೆಸ್ ಗಿಡದ ಪರಾಗ, ರಾಗಿ ಒಕ್ಕಣೆಯ ಹೊಟ್ಟು, ಒಣ ಅಡಿಕೆ ಸುಲಿಯುವ ಧೂಳು, ದೀಪಾವಳಿ ಪಟಾಕಿ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಉಳಿದದ್ದೆಲ್ಲ ಮಾಡಿಯೂ ಪ್ರಯೋಜನ ಕಮ್ಮಿ.

ಬಾಳೆಹಣ್ಣು, ಮೊಸರು, ಅನ್ನ ಬಿಡಿಸುವ ಸಲಹೆಗೆ ಮಾತ್ರ ಬೇಗ ಬಗ್ಗಬೇಡಿ. ಆಹಾರದಿಂದ ಉಬ್ಬಸ ಬರುವುದು ಕೆಲವರಿಗಷ್ಟೇ. ಬರೆದಿಟ್ಟ ಪಟ್ಟಿಯಲ್ಲಿ ಕಂಡರೆ ಬಿಡಿ, ಇಲ್ಲದಿದ್ದರೆ ಮೊಸರನ್ನ ತಿನ್ನಿ. ಜಾಸ್ತಿ ಹುಷಾರಾಗಿರಬೇಕಾದ್ದು ನೋವಿನ ಮಾತ್ರೆಯ ಬಗ್ಗೆ. ಆಸ್ಪಿರಿನ್, ಐಬುಪ್ರೊಫೆನ್ ಕೆಲವು ಅಸ್ತಮಾ ರೋಗಿಗಳಿಗೆ ಜೋರು ಉಬ್ಬಸ ತರುತ್ತವೆ. ಬಿಪಿಯ ಕೆಲವು ಮಾತ್ರೆ, ಗ್ಲಾಕೋಮಾದ ಕೆಲವು ಕಣ್ಣಿನ ಹನಿ ಕೂಡ ಹಾಗೇ. ಯಾವ ಡಾಕ್ಟರ ಹತ್ತಿರ ಹೋದರೂ ‘ನನಗೆ ಅಸ್ತಮಾ ಇದೆ’ ಅಂತ ಮೊದಲೇ ಹೇಳಿ.

ತಿಂಗಳಿಗೊಮ್ಮೆ ನಾಲ್ಕು ಪ್ರಶ್ನೆ

ಕಳೆದ ನಾಲ್ಕು ವಾರದಲ್ಲಿ ಹಗಲು ಹೊತ್ತು ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ತೊಂದರೆ ಆಯಿತಾ? ಉಬ್ಬಸದಿಂದ ರಾತ್ರಿ ಎಚ್ಚರ ಆಯಿತಾ? ಅವಸರದ ಪಂಪ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಸಲ ಬೇಕಾಯಿತಾ? ಮೆಟ್ಟಿಲು, ಆಟ, ಕೆಲಸ ಯಾವುದನ್ನಾದರೂ ಉಸಿರಿನ ಕಾರಣಕ್ಕೆ ಬಿಟ್ಟಿರಾ? ನಾಲ್ಕಕ್ಕೂ ಇಲ್ಲ ಅಂದರೆ ಹಿಡಿತದಲ್ಲಿದೆ. ಒಂದೆರಡು ಹೌದು ಅಂದರೆ ಅರ್ಧ ಹಿಡಿತ. ಮೂರು ನಾಲ್ಕು ಆದರೆ ಹಿಡಿತ ತಪ್ಪಿದೆ, ಈ ವಾರವೇ ಡಾಕ್ಟರನ್ನು ಕಾಣಿ. ‘ನನಗೆ ಇದು ಮಾಮೂಲಿ’ ಅನ್ನೋ ಉತ್ತರ ನಡೆಯುವುದಿಲ್ಲ. ರಾತ್ರಿ ಎದ್ದು ಕೂರುವುದು ಮಾಮೂಲಿ ಅಂತಲೇ ನಮ್ಮಜ್ಜನೂ ತಿಳಿದಿದ್ದರು.

ಹಿಡಿತದಲ್ಲಿದ್ದರೆ ಓಡಿ, ಈಜಿ, ಕಬಡ್ಡಿ ಆಡಿ. ಮ್ಯಾರಥಾನಿನಲ್ಲಿ ವಿಶ್ವದಾಖಲೆ ಮಾಡಿದ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್‌ಗೂ ಅಸ್ತಮಾ ಇದೆ. ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಗರ್ಭಿಣಿಯರು ಹೆದರಿ ಪಂಪ್ ನಿಲ್ಲಿಸುವುದು ಬೇಡ, ತಾಯಿಗೆ ಉಸಿರು ಸಾಲದಿದ್ದರೆ ಮಗುವಿಗೂ ಸಾಲದು. ಫ್ಲೂ ಲಸಿಕೆ ಬಗ್ಗೆ ಡಾಕ್ಟರನ್ನು ಕೇಳಿ.

ಜೋರಾಗಿ ಬಂದಾಗ

ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಲಿ, ಸುತ್ತ ಜನ ಮುತ್ತದಿರಲಿ. ಸ್ಪೇಸರ್ ಹಾಕಿ ಸಾಲ್ಬ್ಯುಟಮಾಲ್ ನಾಲ್ಕು ಒತ್ತು, ಒಂದಾದ ಮೇಲೆ ಒಂದು, ಪ್ರತಿ ಒತ್ತಿಗೂ ನಾಲ್ಕು ಉಸಿರು. ನಾಲ್ಕು ನಿಮಿಷ ಕಾಯಿರಿ. ಇಳಿಯದಿದ್ದರೆ ಮತ್ತೆ ನಾಲ್ಕು ಕೊಟ್ಟು, ಆಗಲೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೂ ಹೀಗೇ ಕೊಡುತ್ತಿರಿ. ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಕಾಯಬೇಡಿ, ಮೊದಲೇ ಫೋನ್ ಮಾಡಿ. ಸುಂಯ್ ಸದ್ದು ನಿಂತಿದೆ ಆದರೆ ಮನುಷ್ಯ ಇನ್ನೂ ಒದ್ದಾಡುತ್ತಿದ್ದಾನೆ ಅಂದರೆ ವಾಸಿಯಾಯಿತು ಅಂತಲ್ಲ, ಸದ್ದು ಮಾಡುವಷ್ಟು ಗಾಳಿಯೂ ಆಡುತ್ತಿಲ್ಲ ಅಂತ.

ಮೀನು, ಪುಡಿ, ಮತ್ತು ಬಚ್ಚಿಡುವ ಚಟ

ಮೃಗಶಿರ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಿಗೆ ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದಲೂ ಜನ ಹೋಗುತ್ತಾರೆ. ಜೀವಂತ ಮರಿಮೀನಿನ ಬಾಯಿಗೆ ಔಷಧಿ ತುಂಬಿ ನುಂಗಿಸುತ್ತಾರೆ. ಇದರಿಂದ ಅಸ್ತಮಾ ಹೋಗುತ್ತದೆ ಅಂತ ತೋರಿಸಿದ ಪುರಾವೆ ಇಲ್ಲ. ನಂಬಿಕೆಯಿಂದ ಹೋಗುವ ಹಿರಿಯರ ಜೊತೆ ನಾನು ಜಗಳ ಆಡುವುದಿಲ್ಲ, ಪಂಪ್ ಜೇಬಿನಲ್ಲಿದೆಯಾ ಅಂತಷ್ಟೇ ಕೇಳುತ್ತೇನೆ. ಹೆಸರಿಲ್ಲದ ಪೊಟ್ಟಣದಲ್ಲಿ ‘ಬೇರಿನ ಪುಡಿ’ ಅಂತ ಮಾರುವುದರ ಬಗ್ಗೆ ಮಾತ್ರ ಜಗಳವನ್ನೇ ಆಡುತ್ತೇನೆ. ಮೂರೇ ದಿನದಲ್ಲಿ ಉಬ್ಬಸ ಮಾಯ, ತಿಂಗಳಲ್ಲಿ ಮುಖ ದುಂಡಗಾಗಿ ಊದಿಕೊಂಡಿತು, ಸಕ್ಕರೆ ಏರಿತು ಅಂದರೆ ಅದರಲ್ಲಿ ಸ್ಟೀರಾಯ್ಡ್ ಮಾತ್ರೆ ಪುಡಿ ಮಾಡಿ ಬೆರೆಸಿರಬಹುದು. ಅಂಥದ್ದನ್ನು ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಪೊಟ್ಟಣ ತಗೊಂಡು ಡಾಕ್ಟರ ಹತ್ತಿರ ಹೋಗಿ.

ನನ್ನ ಅಕ್ಕನ ಮಗಳು ಹುಡುಗನ ಕಡೆಯವರು ನೋಡಲು ಬಂದ ದಿನ ಪಂಪನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಉಪ್ಪಿಟ್ಟಿನ ಒಗ್ಗರಣೆ ಘಾಟಿಗೆ ಕೆಮ್ಮು ಹತ್ತಿ, ಎಲ್ಲರೆದುರೇ ಅಡಿಗೆಮನೆಗೆ ಓಡಿ ಡಬ್ಬಿಗೆ ಕೈ ಹಾಕಿದಳು. ಹುಡುಗನ ತಾಯಿ ಹಿಂದೆಯೇ ಬಂದು ನೋಡಿ, ತಮ್ಮ ಬ್ಯಾಗಿನಿಂದ ಅದೇ ಪಂಪ್ ತೆಗೆದು ತೋರಿಸಿ, ‘ಇದರಲ್ಲಿ ಅಕ್ಕಿ ಸೇರಿದ್ರೆ ಕಷ್ಟ ಮಗಾ, ಮುಚ್ಚಳ ಹಾಕು’ ಅಂದರು.

ಹೌದು, ಮುಚ್ಚಳ. ಮತ್ತು ಎಣಿಕೆ. ಪಂಪಿನ ಹಿಂದೆ ಅಂಕಿ ತೋರಿಸುವ ಕಿಂಡಿ ಇದ್ದರೆ ವಾರಕ್ಕೊಮ್ಮೆ ನೋಡಿ. ಇಲ್ಲದಿದ್ದರೆ ಶುರು ಮಾಡಿದ ತಾರೀಖನ್ನು ಸ್ಕೆಚ್ ಪೆನ್ನಿನಲ್ಲಿ ಪಂಪಿನ ಮೈಮೇಲೆ ಬರೆಯಿರಿ. 200 ಒತ್ತಿನ ಪಂಪ್ ದಿನಕ್ಕೆ ನಾಲ್ಕರಂತೆ 50 ದಿನ ಬರುತ್ತದೆ. ನೀರಲ್ಲಿ ತೇಲಿಸಿ ನೋಡುವ ವಿದ್ಯೆ ನಂಬಬೇಡಿ, ಅಲ್ಲಾಡಿಸಿದಾಗ ಸದ್ದು ಬರುವುದನ್ನೂ ನಂಬಬೇಡಿ. ಔಷಧಿ ಮುಗಿದ ಮೇಲೂ ಗಾಳಿ ಉಳಿದಿರುತ್ತದೆ, ಪುಸ್ ಅನ್ನುತ್ತಲೇ ಇರುತ್ತದೆ.